ವೈದ್ಯಕೀಯ ಸಂಶೋಧನೆಯಲ್ಲಿ ‘ಮಾದರಿ’ಯ ಅರ್ಥ: ಬೆಳಗಾವಿ-ಧಾರವಾಡ ಸೀಮೆಯ ಕೆಲವು ನಿದರ್ಶನಗಳು

ಅನ್ನ ಬೆಂದಿತೋ ಇಲ್ಲವೋ ಎಂಬುದನ್ನರಿಯಲು ಮಡಕೆಯಲ್ಲಿರುವ ಅಗುಳುಗಳನ್ನೆಲ್ಲ ಹಿಚುಕಿ ನೋಡಬೇಕಾಗಿಲ್ಲ, ಒಂದಗುಳನ್ನು ನೋಡಿದರೆ ಸಾಕು ಎಂಬ ಮಾತನ್ನು ನಮ್ಮ ಶಾಸ್ತ್ರಕಾರರು ‘ಸ್ಥಾಲೀಪುಲಾಕ ನ್ಯಾಯ’ವೆಂದು ಕರೆದಿದ್ದಾರೆ. ಅಡಿಗೆಮನೆಯಲ್ಲಿ ಈ ನ್ಯಾಯ ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪದಿರುವುದಕ್ಕೆ ಕಾರಣವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮಡಕೆ ಒಂದೇ, ನೀರು ಒಂದೇ, ಉರಿ ಒಂದೇ. ಅಕ್ಕಿಯನ್ನು ಹಾಕಿದ್ದು ಒಂದೇ ಗಳಿಗೆಯಲ್ಲಿ. ನಡುನಡುವೆ ಸೌಟಿನಿಂದ ತಿರುವಿದ್ದೂ ಉಂಟು. ಹೀಗಿರುವುದರಿಂದಲೇ ಒಂದಗುಳು ಉಳಿದವುಗಳ ಪರವಾಗಿ ಸಾಕ್ಷಿ ನುಡಿಯಬಲ್ಲುದು. ಆದರೆ ನಾವು ಕೇಳುವ ಪ್ರಶ್ನೆ ಬೇರೆಯಾಯಿತೆನ್ನೋಣ. ಹೊಸದಾಗಿ ಬಂದಿರುವ ಒಂದು ಬಗೆಯ ಒಲೆ ಹಳೆಯ ಒಲೆಗಿಂತ ಚೆನ್ನಾಗಿ ಅನ್ನ ಬೇಯಿಸುತ್ತದೆಯೆ? ಇದನ್ನು ತಿಳಿಯಲು ಹೊಸ ಒಲೆಯ ಮೇಲೆ ಒಂದು ಮಡಕೆಯನ್ನೂ ಹಳೆಯ ಒಲೆಯ ಮೇಲೆ ಒಂದು ಮಡಕೆಯನ್ನೂ ಇಟ್ಟು, ಒಂದೊಂದರಿಂದ ನೂರು ನೂರು ಅಗುಳು ಆಯ್ದು ಪರೀಕ್ಷಿಸಿದವನು ತಾನು ಇನ್ನೂರು ಪರೀಕ್ಷೆ ಮಾಡಿದೆನೆಂದು ಹೇಳಿಕೊಳ್ಳಬಹುದು. ವಾಸ್ತವವಾಗಿ ಅವನು ಪರೀಕ್ಷಿಸಿದ್ದು ಎರಡೇ ಮಡಕೆಗಳನ್ನು. ಅಗುಳುಗಳನ್ನು ಸಾವಿರಕ್ಕೆ ಏರಿಸಿದರೂ ಮಡಕೆಗಳು ಎರಡರಾಚೆಗೆ ಹೋಗವು.

ಈ ಅಗುಳು-ಮಡಕೆಗಳ ಭೇದವೇ ಇಂದಿನ ಜೀವವೈದ್ಯ ಪ್ರಯೋಗಶಾಲೆಗಳಲ್ಲಿ ‘ಮಾದರಿ’ ಎಂಬ ಶಬ್ದದ ಸುತ್ತ ನಡೆಯುವ ವಾದಗಳ ತಿರುಳು. ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ನಾವು ಈ ಕಡೆಗೆ ತಿರುಗಿದ್ದು ಪ್ಲೇಗಿನ ಕಾಲದ ಅಂಕಿಸಂಖ್ಯೆಗಳನ್ನು ಓದುವಾಗ. ನಮ್ಮದೇ ಸೀಮೆಯ ಜನ ಒಂದು ನೂರು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಇಂತಹ ಮಾದರಿಗಳಾಗಿ ಎಣಿಕೆಗೆ ಸಿಕ್ಕಿದ್ದಾರೆ. ಆ ಎಣಿಕೆಯಲ್ಲಿ ಯಾವುದನ್ನು ‘ಒಂದು’ ಎಂದು ಹಿಡಿದರು ಎಂಬುದನ್ನು ಬಿಟ್ಟು ಕೋಷ್ಟಕಗಳನ್ನು ಓದಿದರೆ ಇತಿಹಾಸವೂ ತಪ್ಪುತ್ತದೆ, ವೈದ್ಯವೂ ತಪ್ಪುತ್ತದೆ.

ಮೊದಲು ಶಬ್ದದ ವಿಚಾರ. ದವಾಖಾನೆಯಲ್ಲಿ ‘ರಕ್ತದ ಸ್ಯಾಂಪಲ್ ಕೊಟ್ಟು ಬಾ’ ಎಂದಾಗ ಸ್ಯಾಂಪಲ್ ಎಂದರೆ ಗಾಜಿನ ನಳಿಗೆಯಲ್ಲಿರುವ ದ್ರವ. ಸಂಖ್ಯಾಶಾಸ್ತ್ರದಲ್ಲಿ ಅದೇ ಶಬ್ದಕ್ಕೆ ದೊಡ್ಡ ಸಮುದಾಯದಿಂದ ಆಯ್ದು ತೆಗೆದ ಸಣ್ಣ ಸಮೂಹವೆಂದು ಅರ್ಥ. ಸಂಶೋಧನ ಪ್ರಬಂಧಗಳ ಕೋಷ್ಟಕಗಳಲ್ಲಿ ‘ಎನ್’ ಎಂಬ ಅಕ್ಷರದ ಮುಂದೆ ಬರೆಯುವ ಸಂಖ್ಯೆ ಮೂರನೆಯದು. ಅದು ಆ ಸಮೂಹದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಘಟಕಗಳು ಎಷ್ಟಿದ್ದವು ಎಂಬುದನ್ನು ಹೇಳಬೇಕು. ಈ ಮೂರನ್ನೂ ಒಂದೇ ಮಾತಿನಿಂದ ಕರೆಯುವುದೇ ಗೊಂದಲದ ಬೇರು. ಒಬ್ಬ ಹೆಂಗಸಿನ ರಕ್ತವನ್ನು ಮೂರು ನಳಿಗೆಗಳಲ್ಲಿ ತುಂಬಿ, ಒಂದೊಂದನ್ನೂ ಯಂತ್ರದಲ್ಲಿ ಮೂರು ಸಲ ಅಳೆದರೆ ಒಂಬತ್ತು ಅಂಕಿಗಳು ದೊರೆಯುತ್ತವೆ. ಅಳೆಯುವ ಕೈ, ಅಳೆಯುವ ಯಂತ್ರ ಎಷ್ಟು ಸ್ಥಿರವೆಂಬುದನ್ನು ಆ ಒಂಬತ್ತೂ ಹೇಳಬಲ್ಲವು. ಹೆಂಗಸರೆಲ್ಲರ ರಕ್ತ ಹೇಗಿರುತ್ತದೆಂಬ ವಿಷಯದಲ್ಲಿ ಅವುಗಳ ಬೆಲೆ ಒಂದೇ.

ಪೇಟೆಯವರಿಗೆ ಇದು ಹೊಸತಲ್ಲ. ಬೈಲಹೊಂಗಲದಂಥ ಅರಳೆಯ ಪೇಟೆಗಳಲ್ಲಿ ವ್ಯಾಪಾರ ನಡೆಯುವುದೇ ಮಾದರಿಯ ಮೇಲೆ. ಬಲ್ಲ ದಲಾಲ ಅಂಡಿಗೆಯ ಮೇಲ್ಪದರವನ್ನು ಮುಟ್ಟುವುದಿಲ್ಲ. ಕೈಯನ್ನು ಒಳಕ್ಕೆ ಇಳಿಸಿ, ನಡುವಿನಿಂದ ಒಂದು ಹಿಡಿ ಎಳೆದು, ಎಳೆಯ ಉದ್ದವನ್ನು ಬೆರಳಲ್ಲಿ ಹಿಡಿದು ನೋಡುತ್ತಾನೆ. ಒಂದೇ ಅಂಡಿಗೆಯಿಂದ ಹತ್ತು ಹಿಡಿ ಎಳೆಯುವುದಕ್ಕಿಂತ ಹತ್ತು ಅಂಡಿಗೆಗಳಿಂದ ಒಂದೊಂದು ಹಿಡಿ ಎಳೆಯುವುದು ಮೇಲೆಂಬುದು ಅವನಿಗೆ ಯಾವ ಗ್ರಂಥವೂ ಕಲಿಸದ ಪಾಠ. ಮೇಲೊಂದು ಒಳಗೊಂದು ತುಂಬುವ ಮೋಸ ಅದೆಷ್ಟು ಹಬ್ಬಿತ್ತೆಂದರೆ, ಅರಳೆಯ ಕಲಬೆರಕೆಯನ್ನು ತಡೆಯುವುದಕ್ಕಾಗಿಯೇ ಮುಂಬಯಿ ಸರಕಾರ 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತು.

ಇನ್ನು ಪ್ಲೇಗಿನ ಕಡೆಗೆ ಬರೋಣ. 1896ರ ಸಪ್ಟೆಂಬರದಲ್ಲಿ ಮುಂಬಯಿಯಲ್ಲಿ ಗುರುತಿಸಲ್ಪಟ್ಟ ಈ ಬೇನೆ 1897-98ರ ಹೊತ್ತಿಗೆ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ವ್ಯಾಪಿಸಿತು. ಆಗಿನ್ನೂ ಬೈಲಹೊಂಗಲ ಸಂಪಗಾವಿ ತಾಲೂಕಿನ ಮುಖ್ಯ ಠಾಣ್ಯ. ಕಿತ್ತೂರು ಅದೇ ತಾಲೂಕಿಗೆ ಸೇರಿದ್ದಿತು. ಸವದತ್ತಿ ಪರಸಗಡ ತಾಲೂಕಿನ ಕಚೇರಿಯ ಊರು. ರಾಮದುರ್ಗವಾದರೋ ತನ್ನದೇ ರಾಜನುಳ್ಳ ಸಂಸ್ಥಾನ. 1948ರಲ್ಲಿ ವಿಲೀನವಾಗುವ ತನಕ ಅದರ ಲೆಕ್ಕಪತ್ರಗಳು ಜಿಲ್ಲೆಯ ಲೆಕ್ಕದೊಳಗೆ ಬರುತ್ತಿರಲಿಲ್ಲ. 1901ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಕಡಿಮೆಯಾಗಿತ್ತು. 1891ಕ್ಕಿಂತ ಅದು ಇಳಿದಿತ್ತು. ಆ ಇಳಿಕೆಯನ್ನು ಓದುವಾಗ, ಮಲಪ್ರಭೆಯ ಒಂದೇ ದಂಡೆಯ ಮೇಲೆ ಅಕ್ಕಪಕ್ಕದಲ್ಲಿರುವ ಎರಡು ಹಳ್ಳಿಗಳಲ್ಲಿ ಒಂದರ ಸಾವು ಜಿಲ್ಲೆಯ ಲೆಕ್ಕಕ್ಕೂ ಇನ್ನೊಂದರದು ಸಂಸ್ಥಾನದ ಲೆಕ್ಕಕ್ಕೂ ಸೇರಿರಬಹುದೆಂಬುದನ್ನು ಮರೆಯಬಾರದು. ಬೇನೆಗೆ ಗಡಿಕಲ್ಲು ಕಾಣಿಸುವುದಿಲ್ಲ, ಕಾರಕೂನನಿಗೆ ಕಾಣಿಸುತ್ತದೆ.

ವಾಲ್ಡೆಮಾರ್ ಹಾಫ್‌ಕಿನ್ ಎಂಬ ಶಾಸ್ತ್ರಜ್ಞ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಕೊಂಡದ್ದು ಪ್ರಸಿದ್ಧ ಸಂಗತಿ. ಶಾಸ್ತ್ರದ ದೃಷ್ಟಿಯಿಂದ ಅದು ಒಂದು ಅಗುಳು ಮಾತ್ರ. ಧೈರ್ಯಕ್ಕೆ ಸಾಕ್ಷಿ, ಲಸಿಕೆಯ ಗುಣಕ್ಕೆ ಸಾಕ್ಷಿಯಲ್ಲ. ಅದೇ ತಿಂಗಳ ಕೊನೆಯಲ್ಲಿ ಭಾಯಖಳಾದ ಸೆರೆಮನೆಯಲ್ಲಿ ಮೊದಲ ತುಲನೆ ನಡೆಯಿತು. ಮರುವರ್ಷ ಬಹು ದೊಡ್ಡ ಪ್ರಮಾಣದ ಚುಚ್ಚುಮದ್ದು ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. 1898ರ ಮೇ ತಿಂಗಳಿನಿಂದ ಮೊದಲ್ಗೊಂಡು ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ಅಧಿಕಾರಿ, ಐವತ್ತು ಸಾವಿರದಷ್ಟು ಜನರಿದ್ದ ಆ ಊರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿದ. ಧಾರವಾಡ, ಗದಗ, ಬೆಳಗಾವಿಗಳಲ್ಲಿಯೂ ಇದೇ ಕಾರ್ಯ ನಡೆಯಿತು. ಹುಬ್ಬಳ್ಳಿಯ ವಾರವಾರದ ಕೋಷ್ಟಕಗಳು ಅಂದಿನ ವೈದ್ಯ ಜಗತ್ತಿನಲ್ಲೆಲ್ಲ ಚರ್ಚೆಗೆ ವಸ್ತುವಾದವು.

ಮೂವತ್ತು ಸಾವಿರವೆಂಬ ಸಂಖ್ಯೆಯೆದುರು ಯಾರಾದರೂ ತಲೆಬಾಗುವುದು ಸಹಜ. ಆದರೆ ಕೋಷ್ಟಕವನ್ನು ಎಚ್ಚರದಿಂದ ಓದಿದರೆ ಒಂದು ತೊಡಕು ಕಾಣುತ್ತದೆ. ಲಸಿಕೆ ಹಾಕಿಸಿಕೊಂಡವರ ಹೆಸರುಗಳು ಪಟ್ಟಿಯಲ್ಲಿದ್ದವು. ಹಾಕಿಸಿಕೊಳ್ಳದವರ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಊರಿನ ಒಟ್ಟು ಜನಸಂಖ್ಯೆಯಿಂದ ಹಾಕಿಸಿಕೊಂಡವರನ್ನು ಕಳೆದು ಉಳಿದವರು ಇಷ್ಟೆಂದು ಹಿಡಿಯಬೇಕಾಗಿತ್ತು. ಪ್ಲೇಗಿನ ಕಾಲದಲ್ಲಿ ಒಟ್ಟು ಜನಸಂಖ್ಯೆಯೆಂಬುದು ನಿಂತ ನೀರಲ್ಲ. ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ನೆಂಟರ ಊರುಗಳಿಗೆ ಹೋಗುತ್ತಿದ್ದರು. ಹೋದವರಲ್ಲಿ ಕೆಲವರು ಹಿಂದಿರುಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಲಸಿಕೆಯಿಲ್ಲದವರ ಅಂದಾಜು ಕುಗ್ಗುತ್ತ ಕುಗ್ಗುತ್ತ ನೂರುಗಳ ಲೆಕ್ಕಕ್ಕೆ ಇಳಿದಿತ್ತು. ಆಗ ಒಟ್ಟು ಸಂಖ್ಯೆಯಲ್ಲಿ ಒಂದು ಸಾವಿರದ ತಪ್ಪಾದರೂ ಲಸಿಕೆಯಿಲ್ಲದವರ ಸಾವಿನ ಪ್ರಮಾಣ ಎರಡು ಮೂರು ಪಟ್ಟು ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಮೂವತ್ತು ಸಾವಿರದ ದೊಡ್ಡ ಮಾದರಿಯ ಬಲವೆಲ್ಲ ಎದುರುತಟ್ಟೆಯಲ್ಲಿದ್ದ ಕೆಲವು ನೂರು ಅನಾಮಧೇಯರ ಅಂದಾಜಿನ ಮೇಲೆ ನಿಂತಿತ್ತೆನ್ನಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಲಸಿಕೆಯ ದಾಖಲೆಪತ್ರವನ್ನು ಹೊಂದಿದವರಿಗೆ ಪ್ರಯಾಣದ ತಡೆ, ಪ್ರತ್ಯೇಕ ವಾಸ ಮುಂತಾದ ಕಟ್ಟುಪಾಡುಗಳಿಂದ ವಿನಾಯಿತಿ ದೊರೆಯುತ್ತಿತ್ತು. ಹೀಗಾಗಿ ಮುಂದೆ ಬಂದವರು ಎಲ್ಲ ವರ್ಗಗಳಿಂದ ಸಮನಾಗಿ ಬಂದವರಲ್ಲ. ರೇಲ್ವೆ ಕಾರ್ಖಾನೆಯ ಕೆಲಸಗಾರ, ನೂಲಿನ ಗಿರಣಿಯ ಕೂಲಿಯವ, ವ್ಯಾಪಾರಕ್ಕೆ ಓಡಾಡಬೇಕಾದವ ಮೊದಲು ಬಂದಿರಬೇಕು. ಹಾಸಿಗೆ ಹಿಡಿದ ಮುದುಕಿ ಕೊನೆಗೆ ಉಳಿದಿರಬೇಕು. ಹಾಗಾದರೆ ಲಸಿಕೆಯಿಲ್ಲದವರು ಸತ್ತದ್ದು ಲಸಿಕೆಯಿಲ್ಲದುದರಿಂದಲೋ, ಮೊದಲೇ ದುರ್ಬಲರಾಗಿದ್ದುದರಿಂದಲೋ? ಎರಡು ಬೇರೆ ಬೇರೆ ಮಡಕೆಗಳ ಅಗುಳುಗಳನ್ನು ಒಂದಕ್ಕೊಂದು ಹೋಲಿಸಿದಂತಾಯಿತು. ಟಿ. ಆರ್. ಫ್ರೇಜರರ ಅಧ್ಯಕ್ಷತೆಯ ಪ್ಲೇಗ್ ಆಯೋಗ 1898-99ರಲ್ಲಿ ಸಾಕ್ಷ್ಯಗಳನ್ನು ಸಂಗ್ರಹಿಸಿ, ಈ ಬಗೆಯ ಅಂಕಿಗಳ ನಿಖರತೆಯನ್ನು ಕಟುವಾಗಿಯೇ ಪ್ರಶ್ನಿಸಿತು. ಆದಾಗ್ಯೂ ಲಸಿಕೆಯಿಂದ ಬೇನೆ ತಗಲುವುದೂ ಸಾವೂ ಗಮನಾರ್ಹವಾಗಿ ಕಡಿಮೆಯಾಗುತ್ತವೆ, ಪೂರ್ಣ ರಕ್ಷಣೆ ಮಾತ್ರ ದೊರೆಯುವುದಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಆ ನಿರ್ಣಯ ನ್ಯಾಯವಾದುದೆಂದು ನಮಗೆ ತೋರುತ್ತದೆ. ಲ್ಯೂಮನ್ನನ ಶ್ರಮವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಸಾಯುತ್ತಿರುವ ಊರಿನಲ್ಲಿ ಚೀಟಿ ಎತ್ತಿ ಅರ್ಧ ಜನರಿಗೆ ಲಸಿಕೆಯನ್ನು ನಿರಾಕರಿಸುವುದು ಅವನಿಂದಾಗುತ್ತಿರಲಿಲ್ಲ.

ಹಾಗೆ ಮಾಡಿದ ಒಂದು ಊರೂ ಉಂಟು. ಬಡೋದೆ ಸಂಸ್ಥಾನದ ಉಂಢೇರಾ ಎಂಬ ಗ್ರಾಮದಲ್ಲಿ 1898ರ ಫೆಬ್ರುವರಿಯಲ್ಲಿ ಹಾಫ್‌ಕಿನ್ ಮನೆಮನೆಗೂ ಹೋಗಿ ಒಂದೊಂದು ಕುಟುಂಬದಲ್ಲಿ ಸುಮಾರು ಅರ್ಧ ಜನರಿಗೆ ಲಸಿಕೆ ಹಾಕಿ ಉಳಿದರ್ಧವನ್ನು ಬಿಟ್ಟ. ತರುವಾಯ ಪ್ಲೇಗು ಹೊಕ್ಕ ಮನೆಗಳು 28. ಆ ಮನೆಗಳಲ್ಲಿ ಲಸಿಕೆಯಾದವರು 71 ಮಂದಿ. ಅವರಲ್ಲಿ 8 ಜನರಿಗೆ ಬೇನೆ ತಗಲಿ 3 ಜನ ತೀರಿಕೊಂಡರು. ಲಸಿಕೆಯಾಗದವರು 64 ಮಂದಿ. ಅವರಲ್ಲಿ 27 ಜನರಿಗೆ ತಗಲಿ 26 ಜನ ತೀರಿಕೊಂಡರು. ಹುಬ್ಬಳ್ಳಿಯ ಮೂವತ್ತು ಸಾವಿರದ ಮುಂದೆ ಈ 135 ಏನೂ ಅಲ್ಲ. ಆದರೂ ಈ ಸಣ್ಣ ಕೋಷ್ಟಕ ಹೆಚ್ಚು ನಂಬಿಕೆಗೆ ಪಾತ್ರವಾಗುವುದು ಏಕೆ? ಒಂದೇ ಸೂರು, ಒಂದೇ ಒಲೆ, ಒಂದೇ ಇಲಿಬಿಲ. ಒಳಗೆ ಇಬ್ಬರಲ್ಲಿ ಒಬ್ಬನಿಗೆ ಲಸಿಕೆಯುಂಟು, ಇನ್ನೊಬ್ಬನಿಗಿಲ್ಲ. ಮಡಕೆಯೊಳಗಿನ ಅಗುಳನ್ನು ಅದೇ ಮಡಕೆಯ ಅಗುಳಿನೊಡನೆ ಹೋಲಿಸಿದ್ದರಿಂದ ತುಲನೆ ಶುದ್ಧವಾಯಿತು. ಆದರೆ ಅದೇ ಕೋಷ್ಟಕವನ್ನು ಮುಂದಿಟ್ಟುಕೊಂಡು ‘ಯಾವ ಬಗೆಯ ಮನೆಗೆ ಪ್ಲೇಗು ಹೊಗುತ್ತದೆ?’ ಎಂದು ಕೇಳಿದರೆ ಮಾದರಿ 135 ಅಲ್ಲ, 28. ಪ್ರಶ್ನೆ ಬದಲಾದೊಡನೆ ‘ಒಂದು’ ಎಂಬುದರ ಅರ್ಥವೂ ಬದಲಾಗುತ್ತದೆ. ಆ 26 ಸಾವುಗಳನ್ನು ಮಾತ್ರ ಇಂದಿನ ಯಾವ ನೀತಿಮಂಡಳಿಯೂ ಸುಲಭವಾಗಿ ಒಪ್ಪಲಾರದು. ತುಲನೆ ಶುದ್ಧವಾಗಲೆಂದು ಲಸಿಕೆಯಿಲ್ಲದೆ ಬಿಟ್ಟವರು ಅವರು.

ಮುಂದಿನ ಪ್ರಸಂಗ ಪಂಜಾಬಿನದು. ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. 1902ರ ಅಕ್ಟೋಬರ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಸೀಸೆಗಳಿಂದ 107 ಜನರಿಗೆ ಪ್ಲೇಗಿನ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ನನ ಪ್ರಯೋಗಶಾಲೆಯೇ ದೋಷಿಯೆಂದು ತೀರ್ಪಾಯಿತು. ಆತ ಅಧಿಕಾರವನ್ನು ಕಳೆದುಕೊಂಡ. ಹತ್ತೊಂಬತ್ತು ಹೆಣಗಳನ್ನು ಕಂಡ ಕಣ್ಣಿಗೆ ಬೇರೆಯದು ಕಾಣದಿದ್ದುದು ಸ್ವಾಭಾವಿಕ. ಆದರೆ ಆ ಹತ್ತೊಂಬತ್ತು ಮಂದಿಗೂ ಮದ್ದು ಹೋದದ್ದು ಒಂದೇ ಸೀಸೆಯಿಂದ. ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ. ಲಸಿಕೆಯ ತಯಾರಿಕೆಯ ವಿಧಾನವೇ ಕೆಟ್ಟದ್ದೆ ಎಂಬ ಪ್ರಶ್ನೆಗೆ ಇಲ್ಲಿ ಸಾಕ್ಷಿಗಳು ಹತ್ತೊಂಬತ್ತಲ್ಲ, ಒಂದು. ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಿದ್ದರೆಂಬ ಸಂಗತಿ ಮುಂದೆ ಪ್ರಾಧಾನ್ಯ ಪಡೆಯಿತು. ರೊನಾಲ್ಡ್ ರಾಸ್ ಮೊದಲಾದವರ ಪ್ರತಿಭಟನೆಯ ನಂತರ 1907ರಲ್ಲಿ ಹಾಫ್‌ಕಿನ್ ದೋಷಮುಕ್ತನಾದ. ಐದು ವರ್ಷಗಳ ಆ ಅಪವಾದಕ್ಕೆ ಹಲವು ಕಾರಣಗಳನ್ನು ಇತಿಹಾಸಕಾರರು ಕೊಟ್ಟಿದ್ದಾರೆ. ಮಾದರಿಯನ್ನು ತಪ್ಪಾಗಿ ಎಣಿಸಿದ್ದನ್ನೂ ಅವುಗಳ ಸಾಲಿಗೆ ಸೇರಿಸಬೇಕು.

ಅದೇ ದಶಕದಲ್ಲಿ ಮುಂಬಯಿಯ ಪರಳದಲ್ಲಿ ನಡೆದ ಪ್ರಯೋಗಗಳು ಈ ಎಣಿಕೆಯನ್ನು ಎಷ್ಟು ಚೆನ್ನಾಗಿ ಮಾಡಬಹುದೆಂಬುದಕ್ಕೆ ಉದಾಹರಣೆ. 1905ರಿಂದ ಕೆಲಸಮಾಡಿದ ಪ್ಲೇಗ್ ಸಂಶೋಧಕರು ಆರು ಸಣ್ಣ ಗೋದಾಮುಗಳನ್ನು ಕಟ್ಟಿಸಿದರು. ಎರಡಕ್ಕೆ ನಾಡಹಂಚು, ಎರಡಕ್ಕೆ ನಮ್ಮ ಮಂಗಳೂರು ಹಂಚು, ಎರಡಕ್ಕೆ ತಗಡು. ನಾಡಹಂಚಿನ ಸಂದಿಗಳಲ್ಲಿ ಇಲಿಗಳು ಸಂಸಾರ ಹೂಡುತ್ತವೆ; ಮಂಗಳೂರು ಹಂಚು ಒಂದರೊಳಗೊಂದು ಕೂರುವುದರಿಂದ ಅಲ್ಲಿ ಅವುಗಳಿಗೆ ಎಡೆ ಕಡಿಮೆ; ತಗಡಿನಲ್ಲಿ ಇಲ್ಲವೇ ಇಲ್ಲ. ಒಳಗೆ ಗಿನಿಹಂದಿಗಳನ್ನು ಬಿಟ್ಟು ಯಾವುದಕ್ಕೆ ಪ್ಲೇಗು ತಗಲುವುದೆಂದು ನೋಡಿದರು. ಪಂಜರವನ್ನು ನೆಲದಿಂದ ಎರಡು ಅಂಗುಲ ಎತ್ತರದಲ್ಲಿ ತೂಗಿದಾಗ ಬೇನೆ ತಗಲಿತು. ಎರಡು ಅಡಿ ಎತ್ತರಕ್ಕೆ ಏರಿಸಿದಾಗ ತಗಲಲಿಲ್ಲ, ಏಕೆಂದರೆ ಚಿಗಟ ಅಷ್ಟೆತ್ತರ ನೆಗೆಯಲಾರದು. ಬೇನೆಯನ್ನು ಹರಡುವುದು ಗಾಳಿಯೂ ಅಲ್ಲ, ನೆಲದ ಹೊಲಸೂ ಅಲ್ಲ, ಇಲಿಯ ಚಿಗಟವೆಂಬುದು ಹೀಗೆ ಸ್ಥಿರಪಟ್ಟಿತು. ಇಲ್ಲಿ ಒಂದೊಂದು ಬಗೆಯ ಮಾಡಿಗೂ ಎರಡೆರಡು ಗೋದಾಮು ಕಟ್ಟಿಸಿದುದನ್ನು ಗಮನಿಸಬೇಕು. ಒಂದೇ ಗೋದಾಮಿನಲ್ಲಿ ಐವತ್ತು ಗಿನಿಹಂದಿಗಳನ್ನು ಬಿಟ್ಟರೂ ಅವುಗಳೆಲ್ಲ ಒಂದೇ ಮಡಕೆಯ ಅಗುಳುಗಳೆಂಬುದನ್ನು ಅವರು ಬಲ್ಲವರಾಗಿದ್ದರು. ಆದರೆ ಎರಡಾದರೂ ಸಾಕೆ? ಸಣ್ಣ ಮಾದರಿಗಳಿಂದ ಎಷ್ಟರ ಮಟ್ಟಿಗೆ ನಿರ್ಣಯಿಸಬಹುದೆಂಬ ಗಣಿತವನ್ನು ಡಬ್ಲಿನ್ನಿನ ಒಂದು ಬಿಯರ್ ಕಾರ್ಖಾನೆಯ ನೌಕರನಾಗಿದ್ದ ಗಾಸೆಟ್ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ್ದು 1908ರಲ್ಲಿ. ಪ್ರಯೋಗವನ್ನು ಹೇಗೆ ಹೂಡಬೇಕೆಂಬುದನ್ನು ಫಿಶರ್ ಗ್ರಂಥರೂಪದಲ್ಲಿ ಕೊಟ್ಟದ್ದು 1935ರಲ್ಲಿ. ಅಗುಳುಗಳನ್ನು ಮಡಕೆಗಳೆಂದು ಎಣಿಸುವ ತಪ್ಪಿಗೆ ಒಂದು ಹೆಸರು ಬೀಳಲು 1984ರ ತನಕ ಕಾಯಬೇಕಾಯಿತು. ಹರ್ಲ್‌ಬರ್ಟ್ ಎಂಬ ಪರಿಸರಶಾಸ್ತ್ರಜ್ಞ 176 ಪ್ರಯೋಗಗಳ ವರದಿಗಳನ್ನು ಪರಿಶೀಲಿಸಿ ನೂರಕ್ಕೆ 27ರಲ್ಲಿ ಈ ‘ಹುಸಿ ಪುನರಾವರ್ತನೆ’ಯನ್ನು ಕಂಡ.

ಬೆಳಗಾವಿಗೆ ಹಿಂದಿರುಗೋಣ. ಮುಂಬಯಿ ಇಲಾಖೆಗೆ ಸಿಡುಬಿನ ಲಸಿಕೆಯನ್ನು ಒದಗಿಸುತ್ತಿದ್ದ ಲಸಿಕೆ ಸಂಸ್ಥೆ ಇದ್ದುದು ಇಲ್ಲಿಯೇ. ಕರುಗಳ ಮೈಮೇಲೆ ಬೆಳೆಸಿದ ಆ ಲಸಿಕೆಯಿಂದಲೇ ಹಳ್ಳಿಗಳ ಮಕ್ಕಳಿಗೆ ‘ದೇವಿ ಹಾಕು’ತ್ತಿದ್ದರು. ಟಿಳಕವಾಡಿಯ ಆ ಸ್ಥಳವನ್ನು ಜನ ಇಂದಿಗೂ ವ್ಯಾಕ್ಸೀನ್ ಡಿಪೋ ಎಂದೇ ಕರೆಯುತ್ತಾರೆ.

ಆದರೆ ಈ ಜಿಲ್ಲೆಯ ಹೆಸರು ವೈದ್ಯ ಸಂಶೋಧನೆಯ ಪ್ರಪಂಚದಲ್ಲಿ ನಿಜವಾಗಿ ಪ್ರಚಾರಕ್ಕೆ ಬಂದದ್ದು ಬಾಣಂತಿಯರ ರಕ್ತಸ್ರಾವದ ಪ್ರಶ್ನೆಯಿಂದ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಿ ಸಾಯುವುದು ನಮ್ಮ ಹಳ್ಳಿಗಳಲ್ಲಿ ಕೇಳರಿಯದ ಸಂಗತಿಯಲ್ಲ. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಕೊಡಕಣಿ, ಗೌಡರ ಮೊದಲಾದ ವೈದ್ಯರು ಅಮೇರಿಕೆಯ ಡರ್ಮನ್ ಮುಂತಾದವರೊಡಗೂಡಿ 2002ರ ಸಪ್ಟೆಂಬರದಿಂದ 2005ರ ಡಿಸೆಂಬರದವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಜನರು ನರ್ಸಬಾಯಿಯೆಂದು ಕರೆಯುವ 25 ಮಂದಿ ಆರೋಗ್ಯ ಸಹಾಯಕಿಯರು, ಮನೆಯಲ್ಲಿ ಇಲ್ಲವೆ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸಿದೊಡನೆ, ತಾಯಿಗೆ ಒಂದು ಪೊಟ್ಟಣದ ಗುಳಿಗೆಗಳನ್ನು ನುಂಗಲು ಕೊಟ್ಟರು. ಪೊಟ್ಟಣದಲ್ಲಿದ್ದುದು ಮಿಸೊಪ್ರೊಸ್ಟಾಲ್ ಎಂಬ ಮದ್ದೋ ಅಥವಾ ಮದ್ದಿಲ್ಲದ ಹುಸಿಗುಳಿಗೆಯೋ ಎಂಬುದು ಕೊಟ್ಟವಳಿಗೂ ತಿಳಿಯದು, ತೆಗೆದುಕೊಂಡವಳಿಗೂ ತಿಳಿಯದು. ಮೊದಲೇ ಚೀಟಿ ಎತ್ತಿದಂತೆ ಅದು ನಿರ್ಧರಿತವಾಗಿತ್ತು. ಒಟ್ಟು 1,620 ತಾಯಂದಿರು. ಮದ್ದು ದೊರೆತವರು 812, ಹುಸಿಗುಳಿಗೆ ದೊರೆತವರು 808. ಹುಸಿಗುಳಿಗೆಯವರಲ್ಲಿ ನೂರಕ್ಕೆ 12.0 ಮಂದಿಗೆ ಅತಿಸ್ರಾವವಾದರೆ ಮದ್ದಿನವರಲ್ಲಿ ನೂರಕ್ಕೆ 6.4 ಮಂದಿಗೆ ಮಾತ್ರ. ಈ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮದ್ದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ‘ಒಂದು’ ಯಾವುದು? ನರ್ಸಬಾಯಿಯಲ್ಲ, ಆರೋಗ್ಯ ಕೇಂದ್ರವಲ್ಲ, ತಾಯಿ. ಒಬ್ಬಳೇ ನರ್ಸಬಾಯಿಯ ಕೈಯಲ್ಲಿ ಹೆರಿಗೆಯಾದ ಇಬ್ಬರು ತಾಯಂದಿರಲ್ಲಿ ಒಬ್ಬಳಿಗೆ ಮದ್ದು, ಇನ್ನೊಬ್ಬಳಿಗೆ ಹುಸಿಗುಳಿಗೆ ಹೋಗಬಹುದಾಗಿತ್ತು. ಉಂಢೇರಾದ ಮನೆಗಳಲ್ಲಿ ಹಾಫ್‌ಕಿನ್ ಮಾಡಿದ್ದನ್ನೇ ಇವರು ಹೆಚ್ಚು ಕ್ರಮಬದ್ಧವಾಗಿ ಮಾಡಿದರೆನ್ನಬಹುದು. ಅಳತೆಯ ವಿಷಯದಲ್ಲಿಯೂ ಒಂದು ಹೊಸತನವಿತ್ತು. ಬಟ್ಟೆಯಲ್ಲಿ ಇಂಗಿ, ನೆಲದಲ್ಲಿ ಹರಿದು ಹೋಗುವ ರಕ್ತವನ್ನು ಸೂಲಗಿತ್ತಿಯ ಕಣ್ಣಂದಾಜಿಗೆ ಬಿಡದೆ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ತುದಿಯ ಚೀಲಕ್ಕೆ ಅಳತೆಗೆರೆಗಳನ್ನು ಹಾಕಿ ಅದರಲ್ಲಿ ಹಿಡಿದರು. ಈ ಹಾಸನ್ನು ಪರೀಕ್ಷಿಸಿದಾಗ ಕಣ್ಣಂದಾಜು ನೂರಕ್ಕೆ 33ರಷ್ಟು ಕಡಿಮೆ ತೋರಿಸುತ್ತಿದ್ದುದು ಗೊತ್ತಾಯಿತು. ಅಳೆಯುವ ಕೈ ತಪ್ಪಿದರೆ ಮಾದರಿ ಎಷ್ಟು ದೊಡ್ಡದಾದರೇನು?

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಕೂಸಿನ ಪುಪ್ಪುಸಗಳು ಬಲಿತು ಅದು ಬದುಕುವ ಸಂಭವ ಹೆಚ್ಚುತ್ತದೆಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲಿ 282 ತಾಯಂದಿರ ಮಾದರಿಯಿಂದ ತೋರಿಸಿದ್ದರು. ಮುಂದೆ ದೊಡ್ಡ ಆಸ್ಪತ್ರೆಗಳ ಅನೇಕ ಪ್ರಯೋಗಗಳು ಇದನ್ನು ದೃಢಪಡಿಸಿದವು. ಹಾಗಿದ್ದ ಮೇಲೆ ಹಳ್ಳಿಗಳಲ್ಲಿಯೂ ಇದನ್ನು ಕೊಟ್ಟರೆ ಲಕ್ಷಾಂತರ ಕೂಸುಗಳು ಉಳಿಯಲಾರವೆ? ಸ್ಥಾಲೀಪುಲಾಕ ನ್ಯಾಯದಂತೆ ಉತ್ತರ ಸ್ಪಷ್ಟವಾಗಿತ್ತು. 2011ರಿಂದ 2014ರವರೆಗೆ ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಝಾಂಬಿಯಾ ಮತ್ತು ಭಾರತಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಭಾರತದ ಎರಡು ಕ್ಷೇತ್ರಗಳು ಬೆಳಗಾವಿ ಮತ್ತು ನಾಗಪುರ. ಸುಮಾರು ಒಂದು ಲಕ್ಷ ಜನನಗಳು ಲೆಕ್ಕಕ್ಕೆ ಬಂದವು. ಆದರೆ ಇಲ್ಲಿ ಚೀಟಿ ಎತ್ತಿದ್ದು ತಾಯಿಗೊಂದರಂತೆ ಅಲ್ಲ, ಹಳ್ಳಿಗಳ ಗುಂಪಿಗೊಂದರಂತೆ. ಒಂದು ಪ್ರದೇಶದ ಆರೋಗ್ಯ ಕಾರ್ಯಕರ್ತರೆಲ್ಲರಿಗೂ ತರಬೇತಿ ಕೊಟ್ಟಾಗ ಒಬ್ಬ ತಾಯಿಗೆ ಕೊಡು, ಪಕ್ಕದವಳಿಗೆ ಬೇಡ ಎನ್ನುವಂತಿರಲಿಲ್ಲ. ಆದಕಾರಣ ಒಂದು ಲಕ್ಷ ಅಗುಳುಗಳಿದ್ದರೂ ಮಡಕೆಗಳು ಕೇವಲ 101: ಒಂದು ಕಡೆಗೆ 51, ಇನ್ನೊಂದು ಕಡೆಗೆ 50. ಲೆಕ್ಕವನ್ನೂ ಹಾಗೆಯೇ ಮಾಡಿದರು.

ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ತೀರ ಸಣ್ಣ ಕೂಸುಗಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ಕೂಸುಗಳ ಸಾವು ಸಾವಿರಕ್ಕೆ 23.9 ಇದ್ದದ್ದು ಸ್ಟಿರಾಯ್ಡ್ ಬಳಸಿದ ಪ್ರದೇಶಗಳಲ್ಲಿ 27.4 ಆಗಿತ್ತು. ಒಳ್ಳೆಯದೆಂದು ಸಿದ್ಧವಾಗಿದ್ದ ಮದ್ದು ಹಳ್ಳಿಗೆ ಬಂದಾಗ ಕೇಡು ಮಾಡಿದಂತೆ ಕಂಡಿತು. ಹಳ್ಳಿಯಲ್ಲಿ ಬಸಿರಿನ ದಿನಗಳ ಲೆಕ್ಕ ಖಚಿತವಿರಲಿಲ್ಲ. ದಿನ ತುಂಬಿ ಹೆರಬೇಕಾದ ಅನೇಕರಿಗೂ ಮದ್ದು ಹೋಯಿತು. ಹುಟ್ಟಿದ ಸಣ್ಣ ಕೂಸನ್ನು ನೋಡಿಕೊಳ್ಳುವ ಸೌಕರ್ಯ ಹತ್ತಿರದಲ್ಲಿರಲಿಲ್ಲ. ಮುಂದೆ ಇದೇ ಮದ್ದನ್ನು ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ದಿನಗಳನ್ನು ಸರಿಯಾಗಿ ಅಳೆದು, 2,852 ತಾಯಂದಿರಲ್ಲಿ ಪರೀಕ್ಷಿಸಿದಾಗ ಕೂಸುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು, ಇದು ಪ್ರಕಟವಾದದ್ದು 2020ರಲ್ಲಿ. ಎರಡು ಪ್ರಯೋಗಗಳೂ ಸುಳ್ಳಲ್ಲ. ಆಕ್ಲಂಡಿನ ಮಡಕೆಯ ಅಗುಳು ಆಕ್ಲಂಡಿನ ಅನ್ನದ ವಿಷಯವನ್ನು ಸರಿಯಾಗಿಯೇ ಹೇಳಿತ್ತು. ನಾವು ಅದನ್ನು ಬೇರೊಂದು ಮಡಕೆಯ ವಿಷಯದಲ್ಲಿ ಕೇಳಿದೆವು. ಪರೀಕ್ಷಿಸದೆಯೇ ಆ ಮದ್ದನ್ನು ಹಳ್ಳಿಹಳ್ಳಿಗೆ ಹಂಚಿದ್ದರೆ, ಸಾವಿರಕ್ಕೆ ಮೂರೂವರೆಯ ಆ ಹೆಚ್ಚಳ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ಮಾದರಿ ಯಾವ ಮಡಕೆಯದೆಂಬ ಪ್ರಶ್ನೆ ಸವದತ್ತಿಯವರಿಗೆ ಬೇಗನೆ ಅರ್ಥವಾಗಬೇಕು. ಭಾರತ ಹುಣ್ಣಿಮೆಯ ದಿನ ಎಲ್ಲಮ್ಮನ ಗುಡ್ಡದಲ್ಲಿ ನಿಂತು ಎದುರಿಗೆ ಬಂದ ಮೊದಲ ಐನೂರು ಜನರ ರಕ್ತವನ್ನು ಪರೀಕ್ಷಿಸಿದವನು ಸವದತ್ತಿ ತಾಲೂಕಿನ ಆರೋಗ್ಯವನ್ನು ಬಲ್ಲೆನೆಂದು ಹೇಳಿದರೆ ಊರಿನ ಹುಡುಗರೂ ನಕ್ಕಾರು. ಅಲ್ಲಿರುವವರಲ್ಲಿ ಬಹುಮಂದಿ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಚಕ್ಕಡಿಯಲ್ಲಿ, ಬಸ್ಸಿನಲ್ಲಿ ಬಂದವರು. ಆದರೆ ದೊಡ್ಡ ಆಸ್ಪತ್ರೆಯ ಹೊರರೋಗಿಗಳ ಸಾಲೂ ಒಂದು ಬಗೆಯ ಜಾತ್ರೆಯೇ ಅಲ್ಲವೆ? ಅಲ್ಲಿಂದ ಮಾದರಿಯನ್ನು ತೆಗೆದಾಗ ನಾವು ನಗುವುದಿಲ್ಲ.

ಪ್ರಯೋಗಶಾಲೆಯೊಳಗೆ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಅಮೇರಿಕೆಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಹೆಂಗಸಿನ ಅರ್ಬುದದಿಂದ ಒಂದು ತುಣುಕನ್ನು ಅವಳಿಗೆ ತಿಳಿಸದೆ ತೆಗೆದರು. ಅವಳು ಅದೇ ವರ್ಷ ಅಕ್ಟೋಬರ 4ರಂದು ತೀರಿಕೊಂಡಳು; ಆ ಜೀವಕೋಶಗಳು ಮಾತ್ರ ‘ಹೀಲಾ’ ಎಂಬ ಹೆಸರಿನಿಂದ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಇಂದಿಗೂ ಬೆಳೆಯುತ್ತಿವೆ. ಸಾವಿರ ಗಾಜಿನ ತಟ್ಟೆಗಳಲ್ಲಿ ಅವುಗಳನ್ನು ಬೆಳೆಸಿ ಸಾವಿರ ಸಲ ಪರೀಕ್ಷಿಸಿದರೂ ಮನುಷ್ಯರ ಎಣಿಕೆಯಲ್ಲಿ ಅದು ಒಬ್ಬಳೇ ಹೆಂಗಸು. ಸಂಶೋಧಕನ ಟಿಪ್ಪಣಿಪುಸ್ತಕದಲ್ಲಿ ತಟ್ಟೆಗಳ ಸಂಖ್ಯೆ ಬರೆದಿರುತ್ತದೆ. ಅವಳ ಮನೆಯವರಿಗೆ ಈ ಸಂಗತಿ ತಿಳಿದದ್ದು ಇಪ್ಪತ್ತು ವರ್ಷಗಳ ಮೇಲೆ. ನಳಿಗೆಯಲ್ಲಿರುವುದನ್ನು ಮಾತ್ರ ಮಾದರಿಯೆಂದು ಕರೆಯುವ ರೂಢಿಯಿಂದ ಗಣಿತದಲ್ಲಿ ಆಗುವ ತಪ್ಪು, ಮನುಷ್ಯರ ವಿಷಯದಲ್ಲಿ ಆಗುವ ತಪ್ಪು ಎರಡೂ ಹುಟ್ಟುತ್ತವೆ. ಒಬ್ಬಳನ್ನು ಸಾವಿರವೆಂದು ಎಣಿಸುವವನು ಆ ಒಬ್ಬಳನ್ನು ಮರೆತಿರುತ್ತಾನೆ.

ಇಷ್ಟನ್ನೆಲ್ಲ ವೈದ್ಯರ ಮೇಲೆ ಹೊರಿಸಿ ಇತಿಹಾಸದವರು ಕೈತೊಳೆದುಕೊಳ್ಳುವಂತಿಲ್ಲ. 1824ರ ಕಿತ್ತೂರಿನ ದಂಗೆಯ ವಿಷಯದಲ್ಲಿ ಥ್ಯಾಕರೆಯ ಸಾವಿನ ಸುತ್ತ ಹುಟ್ಟಿದ ಕಂಪನಿಯ ಪತ್ರಗಳನ್ನು ನಾವು ಉದ್ಧರಿಸುತ್ತೇವೆ. ಒಂದು ಪತ್ರ ಇನ್ನೊಂದನ್ನು ನೋಡಿ ಬರೆದದ್ದು, ಅದು ಮತ್ತೊಂದಕ್ಕೆ ಆಧಾರವಾದದ್ದು. ಪತ್ರಗಳು ಎಷ್ಟಿದ್ದರೂ ಕಚೇರಿ ಒಂದೇ. ಕೋಸಂಬಿಯವರು ಗಣಿತಜ್ಞರಾಗಿದ್ದುದರಿಂದಲೇ ಇರಬೇಕು, ತಕ್ಷಶಿಲೆಯ ನಿಧಿಗಳ ಮುದ್ರೆಯೊತ್ತಿದ ನಾಣ್ಯಗಳನ್ನು ಒಂದೊಂದಾಗಿ ತೂಗಿ, ಸವೆತದಿಂದ ಚಲಾವಣೆಯ ಕಾಲವನ್ನು ಊಹಿಸುವಾಗ ಯಾವ ನಾಣ್ಯ ಯಾವ ನಿಧಿಯದೆಂಬುದನ್ನು ಕಲಸದೆ ಇಟ್ಟರು. ಸಾವಿರ ನಾಣ್ಯಗಳ ಒಂದು ನಿಧಿ ನಾಣ್ಯಗಳ ವಿಷಯದಲ್ಲಿ ಸಾವಿರ ಮಾತು ಹೇಳಬಹುದು. ಹೂತಿಟ್ಟವನ ವಿಷಯದಲ್ಲಿ ಹೇಳುವುದು ಒಂದೇ ಮಾತು.

ನಮ್ಮದೇ ಒಂದು ಪ್ರಮಾದವನ್ನು ಇಲ್ಲಿ ನಿವೇದಿಸಬೇಕು. ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ, ತಮ್ಮ ತಮ್ಮ ಮನೆಗಳಲ್ಲಿ ಪ್ಲೇಗಿನ ಕಾಲದ ನೆನಪುಗಳೇನಾದರೂ ಉಳಿದಿದ್ದರೆ ಬರೆದು ತರುವಂತೆ ಹೇಳಿದ್ದೆವು. ಹನ್ನೊಂದು ಬರೆಹಗಳು ಬಂದವು. ಹನ್ನೊಂದರಲ್ಲಿಯೂ ಊರು ಬಿಟ್ಟು ಹೊಲಕ್ಕೆ ಹೋದದ್ದು, ಬಾಗಿಲ ಮುಂದೆ ಸತ್ತುಬಿದ್ದ ಇಲಿ, ಹಿಂದೆ ಉಳಿದ ಮುದುಕನೊಬ್ಬ ದೇವರ ದೀಪಕ್ಕೆ ಎಣ್ಣೆ ಹಾಕುತ್ತ ಬದುಕಿದ್ದು ಇವೆಲ್ಲ ಬಂದಿದ್ದವು. ಸಂಪಗಾವಿ ತಾಲೂಕಿನ ಸಾಮೂಹಿಕ ಸ್ಮೃತಿ ಎಷ್ಟು ಏಕರೂಪವಾಗಿದೆಯೆಂದು ಹಿಗ್ಗಿ, ಒಂದು ಟಿಪ್ಪಣಿಯನ್ನೂ ಬರೆಯತೊಡಗಿದೆವು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಅದು ನಮ್ಮ ಓಣಿಯ ಅಜ್ಜಿ ಹೇಳಿದ್ರಿ. ಎಲ್ಲಾರೂ ಅವರ ಕಡೇನ ಹೋಗಿದ್ರು’ ಎಂದಳು. ಆ ಅಜ್ಜಿಯೂ 1898ನ್ನು ಕಂಡವರಲ್ಲ; ತಮ್ಮ ಅತ್ತೆಯ ಬಾಯಿಂದ ಕೇಳಿದ್ದರು. ಹನ್ನೊಂದು ಬರೆಹಗಳ ಮಾದರಿ ಒಂದಾಯಿತು. ಅದೂ ಬದುಕುಳಿದ ಒಂದು ಮನೆಯದು. ಪೂರ್ತಿ ಅಳಿದ ಮನೆಗಳ ಕತೆ ಹೇಳಲು ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ.

ಆ ಟಿಪ್ಪಣಿಯನ್ನು ಹರಿದು ಹಾಕಿದೆವು. ಹನ್ನೊಂದು ಬರೆಹಗಳನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಒಂದೇ ಕತೆ ಹನ್ನೊಂದು ಕೈಗಳಲ್ಲಿ ಹೇಗೆ ಬದಲಾಯಿತೆಂಬ ಪ್ರಶ್ನೆಗೆ ಅವು ಉತ್ತಮ ಸಾಮಗ್ರಿ. ಈ ಸಲ ರಾಮದುರ್ಗದ ಕಡೆಗೆ ಹೋಗುವ ವಿದ್ಯಾರ್ಥಿಗಳಿಗೆ ಕೊಟ್ಟಿರುವ ಪ್ರಶ್ನಾವಳಿಯಲ್ಲಿ, ಹೆಸರು ವಯಸ್ಸುಗಳಿಗಿಂತ ಮೊದಲು ಹೊಸದೊಂದು ಪ್ರಶ್ನೆಯನ್ನು ಸೇರಿಸಿದ್ದೇವೆ: ‘ಇದನ್ನು ನಿಮಗೆ ಯಾರು ಹೇಳಿದರು? ಅವರು ಬೇರೆ ಯಾರಿಗೆಲ್ಲ ಹೇಳಿದ್ದಾರೆ?’